ಎಡಬಾಗಿಲು

ಲೂಯಿಸ್ ದ್ವೀಪ, ತಗಡಿನ ಶೆಡ್ಡು, ಮಾರ್ಚಿ ತಿಂಗಳು.
ಇಷ್ಬೆಲ್ ಹೇಳಿದಳು: ಉಕ್ಕಿನ ಉಳಿ ಮುಟ್ಟಬೇಡ,
ವೈರ್ ಬ್ರಶ್ಶು ಬೇಡ, ಬೆಂಕಿಯಂತೂ ಬೇಡವೇ ಬೇಡ.
ಇದು ಅಲ್ಯೂಮಿನಿಯಂ, ಮೆತ್ತನೆಯ ಜೀವ,
ಗೀರಿದರೆ ನೆನಪಿಟ್ಟುಕೊಳ್ಳುತ್ತೆ.

ಹಾಗಾಗಿ ಪ್ಲಾಸ್ಟಿಕ್ಕಿನ ಹಲಗೆ, ದಪ್ಪ ಕೈಗವಸು,
ಲೋಳೆಯಂಥ ರಾಸಾಯನಿಕ. ಬಳಿದು
ಒಂದು ಚಹಾ ಕುಡಿಯುವಷ್ಟು ಹೊತ್ತು ಕಾದರೆ
ಬಣ್ಣ ಹಾಲಿನ ಕೆನೆಯಂತೆ ಸುಕ್ಕುಗಟ್ಟುತ್ತದೆ.

ಮೊದಲು ನೀಲಿ. ಅದು ಅವಳ ಮಾಜಿ ಗಂಡನದು,
ರೋಲರಿನಲ್ಲಿ ಬಳಿದದ್ದು, ಒಂದು ನೊಣವೂ ಸೇರಿದಂತೆ.
ಕೆಳಗೆ ಹಳದಿ: ರಸ್ತೆ ಇಲಾಖೆ.
ಅದರಡಿಯ ಹಸಿರು ಮಹಾ ಹಟಮಾರಿ,
ಮೂರು ಸಲ ಬಳಿದರೂ ಬಿಡಲೊಲ್ಲದು.

ಉಕ್ಕಿನ ಬೋಲ್ಟು ಕೂತಲ್ಲೆಲ್ಲ ಬಿಳಿಪುಡಿ.
ತುಕ್ಕಲ್ಲ, ಎಂದಳು. ಕಬ್ಬಿಣದ ಜತೆ
ಉಪ್ಪುಗಾಳಿಯಲ್ಲಿ ಸಂಸಾರ ಮಾಡಿದರೆ
ಸವೆಯುವುದು ಯಾವಾಗಲೂ ಇದೇ.
ಯಾರ ಮಾತು ಎಂದು ನಾನು ಕೇಳಲಿಲ್ಲ.

ಎಡಬಾಗಿಲಲ್ಲಿ ಪುಟ್ಟಿ ಉದುರಿತು, ನೆನೆದ ಬಿಸ್ಕತ್ತಿನ ಹಾಗೆ.
ಒಳಗೊಂದು ತಗ್ಗು, ಅಂಗೈ ಅಗಲ, ನುಣುಪು.
ಗುದ್ದಿದ್ದಲ್ಲ; ಅಪಘಾತ ಇಷ್ಟು ಸಾವಧಾನವಾಗಿ ಬರುವುದಿಲ್ಲ.
ಮೊದಲ ಯಜಮಾನ ಟೊರ್ಕ್ವಿಲ್, ಎರಡೂ ಕಂಕುಳಲ್ಲಿ ಕುರಿಮರಿ,
ಸೊಂಟದಿಂದ ಒತ್ತಿ ಬಾಗಿಲು ಮುಚ್ಚುತ್ತಿದ್ದನಂತೆ,
ಇಪ್ಪತ್ತು ಚಳಿಗಾಲ.

ಇಷ್ಬೆಲ್ ಸುತ್ತಿಗೆ ತಂದಳು, ಮರದ್ದು.
ಹೊಡೆಯುವ ಮೊದಲು ತಿರುಗಿ ನಿಂತು
ತನ್ನ ಸೊಂಟ ಒತ್ತಿ ನೋಡಿದಳು.
ತಗ್ಗು ಎರಡು ಬೆರಳು ಕೆಳಗೆ.
“ಗಿಡ್ಡ ಇದ್ದ, ಪಾಪ.”

ಬರಿಮೈ ಲೋಹ ಹೊಳೆಯುವುದು ಸಂಜೆಯವರೆಗೆ ಮಾತ್ರ,
ಕಡಲಗಾಳಿ ಏಳುವ ಮೊದಲು ಪ್ರೈಮರ್ ಬಳಿಯಬೇಕು.
ಬಳಿದೆವು, ತಗ್ಗಿನೊಳಗೂ.
ಸುತ್ತಿಗೆ
ಸೀಟಿನ ಮೇಲೇ ಇತ್ತು.