ಎಂಬತ್ತೊಂಬತ್ತು ಸೆಕೆಂಡು

ನಾ ಕೇಬಲ್ ಎಳದವ. ಯಾದಗಿರಿ ಸ್ಟೇಶನ್ ಏರಿಯಾದಾಗ
ಹದಿನಾರು ವರ್ಷ ಕಂಬ ಹತ್ತೀನಿ, ಮಾಳಗಿ ಜಿಗದೀನಿ,
ತಿಂಗಳಿಗೊಮ್ಮೆ ನೂರೈವತ್ತು ಕೇಳಿ
ಬಾಗಲದಾಗ ನಿಂತು ಬೈಸಿಕೊಂಡೀನಿ.

ಸಂಜಿ ಐದೂವರಿಗೆ ಸಿಗ್ನಲ್ ಹೋತಂದ್ರ
ಮೊದಲ ಫೋನು ಗಿರಣಿ ಚಂದಪ್ಪನ ಮನಿಯಿಂದ.
ಚಂದಪ್ಪ ಅಲ್ಲ, ಅವನ ಮಗಳು:
"ಮಾಮಾ, ಹಾಡು ಬರೂದ್ರಾಗ ಹಚ್ಚು.
ಕತಿ ಹೋದ್ರ ಹೋಗ್ಲಿ."

ಕತಿ ಹಿಂದಿಯೊಳಗ. ಹಾಡು ಮಾತ್ರ ಜಪಾನಿ.
ಯಾರೂ ಅದನ್ನ ಹಿಂದಿಗೆ ತಿರುವಿರಲಿಲ್ಲ, ಖರ್ಚಂತ ಬಿಟ್ಟಿರಬೇಕು.
ನೀಲಿ ಕೂದಲಿನ ಹುಡುಗ ದೊಡ್ಡ ಮೀನಿನ ಬೆನ್ನೇರತಾನ,
ಎಂಬತ್ತೊಂಬತ್ತು ಸೆಕೆಂಡು,
ಆಮ್ಯಾಲ ಸೋಪಿನ ಜಾಹೀರಾತು.

ಗಿರಣಿ ಗರ್ ಅಂತಿದ್ರ ಅದರ ಮ್ಯಾಲ ಕೇಳಸಬೇಕಂತ
ಅಕಿ ಕೊರಳು ಹರಕೊಂಡು ಹಾಡತಿದ್ಲು,
ಅರ್ಥ ತಿಳೀದ, ಅಕ್ಷರ ಒಂದೂ ಬಿಡದ,
ರೆಪ್ಪಿ ಮ್ಯಾಲ ಜ್ವಾಳದ ಹಿಟ್ಟು.
ಹಾಡಿದವಳ ಹೆಸರು ನಾಗಿ ಅಂತ ಗೊತ್ತಾದ ದಿನ
ನಕ್ಕಿದ್ದೇ ನಕ್ಕಿದ್ದು: "ನಾ ನಾಗಿ, ಅಕೀನೂ ನಾಗಿ!"
ಚಂದಪ್ಪ ತೂಕದ ಕಲ್ಲು ಇಡಕೋತ ಕೇಳಿದ:
"ಅಲ್ಲೂ ನಾಗಪ್ಪಗ ಹಾಲೆರೀತಾರೇನು?"
ಅಲ್ಲಿ ನಾಗಿ ಅಂದ್ರ ಗಾಳಿ ನಿಂತ ಸಮುದ್ರ.
ಅದು ನನಗ ಗೊತ್ತಾಗಿದ್ದು ತೀರ ತಡಾಗಿ.

ಆ ಚಾನಲ್ಲು ಬಂದಾತು. ಮಾಳಗಿಗೊಂದು ಡಿಶ್, ಕೈಗೊಂದು ಮೊಬೈಲ್,
ನನ್ನ ಗಿರಾಕಿ ನಾನೂರಿದ್ದದ್ದು ಮೂವತ್ತೊಂದಕ್ಕ ಇಳೀತು,
ಅದರಾಗ ಒಂಬತ್ತು ಮಂದಿ ರೊಕ್ಕ ಕೊಡಂಗಿಲ್ಲ.
ಸತ್ತ ವೈರು ಸುತ್ತಿಟ್ಟು ಕೂತ ಒಂದು ಮಧ್ಯಾಹ್ನ
ಆ ಇನ್ನೊಬ್ಬ ನಾಗಿ ಏನಾದಳಂತ ಹುಡುಕಿದೆ.

ಹದಿನಾಲ್ಕಕ್ಕ ಆರಿಸಿದ್ರಂತ, ಎರಡು ಸಾವಿರ ಹುಡುಗ್ಯಾರಾಗ.
ಮೀನುಗಾರರ ಊರಿನವಳು; ಮೊದಲ ವರ್ಷ ಹಾಡಲ್ಲ,
ಮಾತು ತಿದ್ದಿದ್ರಂತ, ರಾಜಧಾನಿಯವರ ಹಂಗ ಆಡು ಅಂತ.
ಅದನ್ನ ನನಗ ಬಿಡಸಿ ಹೇಳಬ್ಯಾಡ್ರಿ,
ನಾ ಬೆಂಗಳೂರಿನ ಕಸ್ಟಮರ್ ಕೇರಿಗೆ ಫೋನ್ ಹಚ್ಚಿದವ.
ಕರಾರಿನಾಗ ಬರದಿತ್ತಂತ: ಪ್ರೀತಿ ಮಾಡಬಾರದು.
ಒಂಬತ್ತು ಕಾರ್ಟೂನಿಗೆ ಹಾಡಿದಳು.
ಕೈಕುಲುಕಾಕ ಸಾಲು ಹಚ್ಚಿದವರಿಗೆ ತಲಾ ನಾಲ್ಕು ಸೆಕೆಂಡು,
ಸಂಜಿತನ ನಗು ಇಳೀಬಾರದು.
ಇಪ್ಪತ್ತೈದಕ್ಕ ಗಂಟಲಾಗ ಗಂಟು. ಆಪರೇಶನ್.
ಮುಂದ "ಪದವಿ ಮುಗಿಸಿದಳು" ಅಂತ ಬರದಾರ;
ಗುಂಪಿನಿಂದ ಹೊರಗ ಹೋಗೂದಕ್ಕ ಅಲ್ಲಿ ಹಂಗಂತಾರ.
ಯಾವ ಪದವಿ, ಯಾವ ಕೆಲಸಕ್ಕ, ಬರದಿಲ್ಲ.

ಕಡೀ ವಿಡಿಯೋದಾಗ ಅಕಿಗೆ ಮೂವತ್ತಾರು.
ಯಾವುದೋ ಅಂಗಡಿ ತೆರೆಯೋ ದಿನ, ಫ್ರಿಜ್ಜುಗಳ ಸಾಲಿನ ಮುಂದ
ನಲವತ್ತು ಕುರ್ಚಿ. ಅದೇ ಹಾಡು.
ಪೂರಾ.

ಅದು ನಾಲ್ಕು ನಿಮಿಷದ್ದಂತ ನನಗ ಗೊತ್ತೇ ಇರಲಿಲ್ಲ.
ಸೋಪು ಬರೋ ಜಾಗದಾಗ
ಮೊದಲೊಂದು ಉಸಿರು ಬಂತು,
ಟೀವಿಯೊಳಗ ಎಂದೂ ಕೇಳಸದ ಉಸಿರು, ಗೊರ್ ಅಂತ,
ಆಮ್ಯಾಲ ಎರಡನೇ ಚರಣ, ಕೆಳಗಿನ ಸ್ವರದಾಗ.
ಮುಂದಿನ ಸಾಲಿನಾಗ ಒಂದು ಕೂಸು
ಐಸ್ಕ್ರೀಮ್ ನೆಕ್ಕೋತ ಬ್ಯಾರೆ ಕಡೆ ನೋಡತಿತ್ತು.

ನಮ್ಮ ನಾಗಿ ಈಗ ಸುರಪುರ ಬಸ್ಸಿನ ಕಂಡಕ್ಟರ್.
ಖಾಕಿ, ಚೀಲ, ಟಿಕೀಟಿನ ಮಶೀನು.
ದೋರನಹಳ್ಳಿ, ಶಹಾಪುರ, ಭೀಮರಾಯನಗುಡಿ,
ಒದರಿ ಒದರಿ ಅಕಿ ದನೀನೂ ಹರದಾದ.
ಸ್ಟ್ಯಾಂಡಿನಾಗ ಹಿಡದು ಫೋನು ಕೊಟ್ಟೆ. ಕಿವಿಗೆ ಹಚ್ಚಿದಳು.
ಮೊದಲ ಚರಣಕ್ಕ ತುಟಿ ಆಡಿದವು, ಒಂದಕ್ಷರ ತಪ್ಪಿಲ್ಲ.
ಎರಡನೇದಕ್ಕ ನಿಂತವು.
"ಇದು ನಂಗ ಬರಂಗಿಲ್ಲ ಮಾಮಾ."
ಆದರೂ ಫೋನು ತಿರುಗಿ ಕೊಡಲಿಲ್ಲ.

ಡ್ರೈವರ್ ಹಾರ್ನ್ ಹೊಡದ. ಎರಡು ಸಲ.
ಕಿಡಕಿಯಿಂದ ಒಬ್ಬಾಕಿ ತಲಿ ಹಾಕಿ ಬೈದಳು.
ಅಕಿ ಒಂದು ಕೈ ಎತ್ತಿದಳು:
ತಡಿ.