ಹದಿನೇಳು ಹೆಜ್ಜೆ

ನಗರಸಭೆಯ ಎರಡನೇ ಮಹಡಿ, ಹೀಟರಿನ ಪಕ್ಕದ ಮೇಜು.
ಉಪಗ್ರಹ ಕಂಡ ಯಾವೊರ್ ಗುಡ್ಡವನ್ನು
ಹಿಗ್ಗಿಸುತ್ತೇನೆ, ಕುಗ್ಗಿಸುತ್ತೇನೆ,
ಮೂಲೆಗೊಂದು ಚುಕ್ಕೆ ಇಟ್ಟು
ಚುಕ್ಕೆಗೆ ಚುಕ್ಕೆ ಕೂಡಿಸುತ್ತೇನೆ.
ಆಯಿತು ಬೇಲಿ.

ಗೂಟವಿಲ್ಲ, ತಂತಿಯಿಲ್ಲ.
ನರಿ ದಾಟುತ್ತದೆ, ಮಂಜು ದಾಟುತ್ತದೆ, ತಮ್ಮ ಪಾಡಿಗೆ.
ಮೊಬೈಲು ಇಟ್ಟುಕೊಂಡವರು ದಾಟಿದರೆ ಮಾತ್ರ
ಜೇಬು ನಡುಗುತ್ತದೆ:
ನಿಲ್ಲಿ. ಮುಂದೆ ನೆಲಬಾಂಬು ಇರಬಹುದು.
ಬಂದ ಹೆಜ್ಜೆಯಲ್ಲೇ ಹಿಂದಿರುಗಿ.

ಏಳು ಪದ. ‘ಇರಬಹುದು’ ತೆಗೆದರೆ ಖಡಕ್ಕಾಗಿರುತ್ತದೆ
ಎಂದರು ಸಭೆಯಲ್ಲಿ.
ಇರಲಿ ಎಂದೆ.
ಬೋಸ್ನಿಯಾದ ಈ ಮೂಲೆಯಲ್ಲಿ
ಕಾಡು ನಿಂತಿರುವುದೇ ಆ ಪದದ ಮೇಲೆ.

ಸೆಪ್ಟೆಂಬರಿನಲ್ಲಿ ಹತಿಜಾ ಬಂದು ಜಗಳ ತೆಗೆದಳು,
ತೋಳಿಗೆ ಬುಟ್ಟಿ, ಬುಟ್ಟಿಯಲ್ಲಿ ಚಾಕು:
“ಮೂವತ್ತು ವರ್ಷ ಯಾರೂ ಕೀಳದ ಕಡೆ
ಅಣಬೆ ರೊಟ್ಟಿಯಗಲ ಬೆಳೆದಿದೆ.
ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ.
ನಿನ್ನ ಗೆರೆಯೋ, ಕಚ್ಚದ ನಾಯಿ,
ಜೇಬಿನಲ್ಲಿ ಕೂತು ಗುರ್ ಅನ್ನುತ್ತದೆ.”

ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು
ಎಲ್ಲಿಯ ತನಕ ಅಂತಾರಲ್ಲ,
ನನ್ನ ಮಾತಿಗೆ ಅಳತೆಯಿದೆ: ನಲವತ್ತು ಮೀಟರು.
ಕಣಿವೆಯೊಳಗೆ, ಒದ್ದೆ ಎಲೆಗಳಡಿ
ಎಂಟು ಹತ್ತು ಅತ್ತ ಇತ್ತ.

ಅಕ್ಟೋಬರಿನಲ್ಲಿ ಬಂದವನು ಲ್ಯುಬಿಶಾ.
ನದಿಯಾಚೆಯ ಊರು, ಎರಡು ಬಸ್ಸು ಬದಲಿಸಿ.
ಟೊಪ್ಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ.
“ಅಲ್ಲಿರುವುದು ನಾನು ಇಟ್ಟದ್ದು.”
ಸ್ಕೂಲಿನ ಲೆಕ್ಕದ ಪುಸ್ತಕ, ಚೌಕುಳಿ ಹಾಳೆ.
ಪೆನ್ಸಿಲಿನಲ್ಲಿ ತೊರೆ, ಪೆನ್ಸಿಲಿನಲ್ಲಿ ಒಂದು ಅಕ್ರೋಟು ಮರ,
ಮರದಿಂದ ತೊರೆಯ ಕಡೆಗೆ ಹದಿನೇಳು ಹೆಜ್ಜೆ,
ಅಲ್ಲಿಂದ ಸಾಲಾಗಿ ಹನ್ನೊಂದು ಗುಣಾಕಾರದ ಚಿಹ್ನೆ.
ಉತ್ತರ ಬರೆದಿರಲಿಲ್ಲ.
“ಮರ ಹುಡುಕಿದೆ ನಿಮ್ಮ ಚಿತ್ರದಲ್ಲಿ,” ಅಂದ. “ಇಲ್ಲ.”

ಇಲ್ಲ. ಆ ಚಳಿಗಾಲವೇ ಅಪ್ಪ ಅದನ್ನು ಕಡಿದಿದ್ದ.
ಗುಡ್ಡದ ಮೇಲಿನಿಂದ ಹೋದ, ಮೇಲಿನಿಂದಲೇ ಎಳೆದು ತಂದ.
ಎರಡು ವಾರ ಉರಿಯಿತು ಒಲೆಯಲ್ಲಿ,
ಹಸಿ ಸೌದೆ, ಮನೆಯೆಲ್ಲ ಹೊಗೆ, ಕೆಮ್ಮು.
ತೊರೆಯ ಕಡೆಗೆ ಯಾಕೆ ಇಳಿಯಲಿಲ್ಲವೋ
ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.
ಬುಡ ಎಲ್ಲಿತ್ತೆಂದು ನನ್ನ ಬೆರಳಿಗೆ ಗೊತ್ತು:
ಮುರಿದ ಕುರಿದೊಡ್ಡಿಯ ಮೂಲೆಯಿಂದ ಬಲಕ್ಕೆ.
ಚುಕ್ಕೆ ಇಟ್ಟೆ. ಅವನು ನೋಡಿದ. ಇಬ್ಬರೂ
ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಇನ್ನು ಹೆಜ್ಜೆ. ಟೇಪು ಹಿಡಿದು ಕಾರಿಡಾರಿಗೆ ಬಂದೆವು.
ತೆರಿಗೆ ಕಟ್ಟಲು ಕೂತವರು ಕಾಲು ಮಡಚಿಕೊಂಡರು.
ಹದಿನೇಳು ನಡೆದ: ಹನ್ನೆರಡು ಮೀಟರು ಚಿಲ್ಲರೆ.
“ಆಗ ಇಪ್ಪತ್ತೆರಡು ನನಗೆ, ಕಾಲು ಉದ್ದ ಬೀಳುತ್ತಿತ್ತು.”
ಮಂಡಿ ಹಿಡಿದುಕೊಂಡು ಮತ್ತೆ ನಡೆದ: ಹದಿಮೂರೂವರೆ.
“ಇಲ್ಲ, ಬೆನ್ನ ಮೇಲೆ ಹೊರೆಯಿತ್ತು. ಕತ್ತಲೆ.”
ಮತ್ತೆ. ಒಂಬತ್ತು.
“ಹೆದರಿಕೆಯೂ ಇತ್ತು,” ಅಂದ,
ಇನ್ನೊಮ್ಮೆ ನಡೆಯಲು ತಿರುಗಿ ನಿಂತ.
ಸಾಕು ಎಂದೆ.
ಬರೆದುಕೊಂಡೆ. ಹೊರೆ, ಕತ್ತಲೆ, ಹೆದರಿಕೆ, ಮಂಡಿ,
ಎಲ್ಲವೂ ಒಳಗೆ ಹಿಡಿಯುವಷ್ಟು
ಅಗಲಿಸಿದೆ ಬೇಲಿಯನ್ನು.

ಸಂಜೆಯ ದಾಖಲೆಯಲ್ಲಿ ಒಂದು ಸಾಲು:
ಮೊಬೈಲು ಒಂದು. ಉತ್ತರದ ಅಂಚು. ನಾಲ್ಕು ಹನ್ನೆರಡು.
ಎಚ್ಚರಿಕೆ ತಲುಪಿದೆ.
ಮುಂದೆ ಹೋಗಿಲ್ಲ. ಹಿಂದೆಯೂ ಬಂದಿಲ್ಲ.
ಹತ್ತೊಂಬತ್ತು ನಿಮಿಷ ಅಲ್ಲೇ.
ಹೆಸರಿಗೆ ಅಂಕಣವಿಲ್ಲ ನಮ್ಮಲ್ಲಿ.
ನದಿಯಾಚೆಗೆ ಕಡೆಯ ಬಸ್ಸು ನಾಲ್ಕೂ ಮುಕ್ಕಾಲಿಗೆ.

ಮಾರನೆಯ ದಿನ ಹತಿಜಾ, ಬುಟ್ಟಿ ಬೀಸುತ್ತ:
“ನಿನ್ನೆ ಇದ್ದಲ್ಲಿ ಇಲ್ಲ ನಿನ್ನ ಗೆರೆ!
ನನ್ನ ಬೀಚ್ ಮರವನ್ನೂ ನುಂಗಿದೆ.
ಯಾರನ್ನು ಕೇಳಿ ಸರಿಸಿದೆ?”
ಇಟ್ಟವನನ್ನು ಕೇಳಿ, ಎಂದೆ.
ಬುಟ್ಟಿ ಕೆಳಗಿಟ್ಟಳು.
“ಬದುಕಿದ್ದಾನೆಯೇ?”
ಮಂಡಿ ನೋವಂತೆ, ಎಂದೆ.