ಮೊದಲ ಟ್ರಿಪ್ಪು

ಮೂರೂ ಹತ್ತಕ್ಕೆ ಕಣ್ಣು ಬಿಡುತ್ತದೆ.
ಅಲಾರಾಂ ಇಲ್ಲ, ಡಿಪೋದಿಂದ ಫೋನಿಲ್ಲ.
ಆಲ್ಕೊಳದ ಈ ಓಣಿಯಲ್ಲಿ ನಾಯಿ ಕೂಡ
ಮೂತಿಯನ್ನು ಬಾಲಕ್ಕೆ ಸಿಕ್ಕಿಸಿ ಮಲಗಿದೆ.
ನನ್ನ ಬಲಗಾಲು ಮಾತ್ರ
ಹೊದಿಕೆಯೊಳಗೆ ಬ್ರೇಕು ಹುಡುಕುತ್ತದೆ.

ಇಪ್ಪತ್ತೆರಡು ವರ್ಷ ಸಾಗರದ ಮೊದಲ ಬಸ್ಸು ನನ್ನದು.
ಹೋದ ಯುಗಾದಿ ಕಳೆದ ಮೇಲೆ
ಕಣ್ಣಿನ ಡಾಕ್ಟರು ಗೋಡೆಯ ಅಕ್ಷರ ತೋರಿಸಿದರು.
ಕೊನೆಯ ಎರಡು ಸಾಲು ಇರುವೆ ಹರಿದಂತೆ ಕಂಡವು.
ಈಗ ಡೀಸೆಲ್ ಲೆಕ್ಕದ ಟೇಬಲ್ಲು, ಹತ್ತರಿಂದ ಐದು.
ಹಗಲ ಕೆಲಸ, ಪುಣ್ಯ ಮಾಡಿದ್ದೆ ಅಂದರು ಎಲ್ಲ.
ಸರಿಯೇ. ಆದರೆ ಆ ಆರ್ಡರಿನ ಕಾಪಿ
ಈ ಕಾಲಿಗೆ ಇನ್ನೂ ತಲುಪಿಲ್ಲ.

ಏಳುವಂತಿಲ್ಲ.
ಬಚ್ಚಲ ಚಿಲಕಕ್ಕೆ ಎಣ್ಣೆ ಬಿಟ್ಟಿದ್ದೇನೆ, ಆದರೂ ಕುಂಯ್ ಅನ್ನುತ್ತದೆ.
ಚೊಂಬು ಮುಟ್ಟಿದರೆ ಅವ್ವ 'ಯಾರದು' ಅನ್ನುತ್ತಾಳೆ,
ಆಮೇಲೆ ಅವಳಿಗೂ ನಿದ್ದೆ ಇಲ್ಲ.
ನಾಗವೇಣಿಗೆ ಎಂಟಕ್ಕೆ ನರ್ಸಿಂಗ್ ಕಾಲೇಜು,
ಪುಸ್ತಕಕ್ಕೇ ಕೆನ್ನೆಯೂರಿ ಮಲಗಿದ್ದಾಳೆ,
ಬೆನ್ನುಮೂಳೆಯ ಚಿತ್ರದ ಮೇಲೆ ಜೊಲ್ಲು.
ಅವಳೇ ಹೇಳಿದ್ದು: ಸಂಜೆ ಕಾಫಿ ಬಿಡು ಅಪ್ಪ,
ಗಡಿಯಾರಕ್ಕೆ ಬೆನ್ನು ಹಾಕು, ಒಂದರಿಂದ ನೂರು ಎಣಿಸು.
ಎಣಿಸಿದೆ.
ನೂರರ ಆಚೆಗೆ ಬರೀ ಇನ್ನೂರು.

ಹಾಗಾಗಿ ಬಸ್ಸು ತೆಗೆಯುತ್ತೇನೆ, ಮಲಗಿದಲ್ಲೇ.
ಹಾಲೇಶಪ್ಪ ಹಿಂದಿನಿಂದ ಎರಡು ಸಲ ಸೀಟಿ ಊದುತ್ತಾನೆ.
ತೀರಿಹೋಗಿ ಮೂರು ವರ್ಷ,
ಡ್ಯೂಟಿ ಮಾತ್ರ ತಪ್ಪಿಸುವುದಿಲ್ಲ ಮಹಾರಾಯ.
ಎಕ್ಸ್‌ರೇ ಕವರನ್ನು ಎದೆಗವಚಿಕೊಂಡ ಹೆಂಗಸು
ನನ್ನ ಹಿಂದಿನ ಸೀಟಿನಲ್ಲಿ:
'ಚೋರಡಿ ಬಂದ್ರೆ ಎಬ್ಬಿಸ್ರಣ್ಣ.'

ಗಾಡಿಕೊಪ್ಪ. ಖಾಲಿ ಹಾಲಿನ ಕ್ಯಾನು ಟಾಪಿಗೆ.
ತ್ಯಾವರೆಕೊಪ್ಪದ ಹತ್ತಿರ ಒಮ್ಮೆ ಪಂಕ್ಚರ್ ಆಗಿ
ಎಂಜಿನ್ ಆರಿಸಿ ನಿಂತಾಗ
ಬೇಲಿಯೊಳಗಿನ ಸಿಂಹ ಕೆಮ್ಮಿದಂತೆ ಗುಡುಗಿತ್ತು.
'ಅದಕ್ಕೂ ನಿದ್ದೆ ಇಲ್ಲ ನೋಡು' ಅಂದಿದ್ದ ಹಾಲೇಶಪ್ಪ,
ಜಾಕು ತಿರುಗಿಸುತ್ತ.
ಇವತ್ತು ಅಲ್ಲಿ ನಿಲ್ಲಿಸುವುದಿಲ್ಲ.
ಆಯನೂರಲ್ಲಿ ಲೈನ್‌ಮನ್ ಒಬ್ಬ, ಹೆಗಲಿಗೆ ಹಗ್ಗ.

ಕುಂಸಿ ಬರುವಷ್ಟರಲ್ಲಿ ಎಲ್ಲರೂ ನಿದ್ದೆ.
ನೀಲಿ ಬಲ್ಬಿನಲ್ಲಿ, ತಲೆಯ ಮೇಲಿನ ಕನ್ನಡಿಯಲ್ಲಿ ನೋಡುತ್ತಿದ್ದೆ:
ಎಡಕ್ಕೆ ತಿರುಗಿದರೆ ನಲವತ್ತು ತಲೆ ಬಲಕ್ಕೆ,
ಬಲಕ್ಕೆ ತಿರುಗಿದರೆ ಎಡಕ್ಕೆ,
ಗಾಳಿಗೆ ಸಿಕ್ಕ ಮೆಕ್ಕೆಜೋಳ.
ಗುರುತಿಲ್ಲದವನ ಹೆಗಲ ಮೇಲೆ
ಗುರುತಿಲ್ಲದವನ ಬಾಯಿ ತೆರೆದ ಮುಖ.
ಗುಂಡಿ ಕಂಡರೆ ಬ್ರೇಕನ್ನು
ಕೋಳಿಮರಿಯ ಮೇಲೆ ಕಾಲಿಟ್ಟಂತೆ ಒತ್ತುತ್ತಿದ್ದೆ.
ಒಬ್ಬನೂ ಏಳದಿದ್ದರೆ ಅವತ್ತಿನ ಸಂಬಳ ಬಂದ ಹಾಗೆ.
ಆಗ ಇದನ್ನು ಕಾಯಿಲೆ ಅನ್ನುತ್ತಿರಲಿಲ್ಲ.
ಎಚ್ಚರ ಅನ್ನುತ್ತಿದ್ದರು.
ಭತ್ಯೆ ಕೊಡುತ್ತಿದ್ದರು.

ಈಗ ಇಲ್ಲಿ ಮಲಗಿದವರು ಮೂರೇ ಜನ.
ಇವರ ನಿದ್ದೆಗೆ ನನ್ನ ಎಚ್ಚರ ಬೇಕಾಗಿಲ್ಲ,
ಮನೆ ಎಲ್ಲಿಗೂ ಹೋಗುತ್ತಿಲ್ಲ.
ಕೆಲವು ರಾತ್ರಿ ಸಿಟ್ಟು ಬರುತ್ತದೆ, ಸುಳ್ಳೇಕೆ,
ಇವರ ಉಸಿರಿನ ಸದ್ದಿಗೇ ಸಿಟ್ಟು.
ಕೆಲವು ರಾತ್ರಿ ಅವ್ವನ ಉಸಿರು ಎಲ್ಲೋ ತಡವಾದರೆ
ನ್ಯೂಟ್ರಲ್ಲಿಗೆ ತಂದು ಕಾಯುತ್ತೇನೆ.
ಅದು ಮತ್ತೆ ಶುರುವಾದ ಮೇಲೆ ಹೊರಡುತ್ತೇನೆ.

ಚೋರಡಿ ಸೇತುವೆ. ಹೊಳೆಯ ಮೇಲೆ ಮಂಜು,
ಹೆಡ್‌ಲೈಟಿನ ಮುಂದೆ ಸುಣ್ಣ ಬಳಿದ ಗೋಡೆ. ಎರಡನೇ ಗೇರು.
ಎಕ್ಸ್‌ರೇ ಹೆಂಗಸು ಮಲಗಿಬಿಟ್ಟಿದ್ದಾಳೆ,
ಎಷ್ಟು ದಿನದ್ದೋ ಆ ನಿದ್ದೆ,
ಎಬ್ಬಿಸಲೋ ಬೇಡವೋ,

ಅಷ್ಟರಲ್ಲಿ ಇವಳು ಮಗ್ಗುಲು ಬದಲಿಸುತ್ತಾಳೆ.
ಕಣ್ಣು ತೆರೆಯದೆ, ನಿದ್ದೆಯ ಒಳಗಿಂದಲೇ
'ಎಲ್ಲಿಗ್ ಬಂತ್ರೀ?' ಅನ್ನುತ್ತಾಳೆ.

ಕನಸೋ.
ಮದುವೆಯಾದ ಹೊಸತರಲ್ಲಿ
ನನ್ನ ಬಸ್ಸಿನಲ್ಲೇ ತವರಿಗೆ ಹೋಗುತ್ತಿದ್ದ ನೆನಪೋ.
ಇಷ್ಟು ದಿನ ಹೊದಿಕೆಯೊಳಗೆ ನನ್ನ ಕಾಲು ಆಡಿದ್ದೆಲ್ಲ
ಇವಳಿಗೆ ಗೊತ್ತೋ.

'ಆನಂದಪುರ ಇನ್ನೂ ದೂರ ಇದೆ' ಅನ್ನುತ್ತೇನೆ, 'ಮಲ್ಕೋ.'

ಮಲಗುತ್ತಾಳೆ.
ನಾನು ಕ್ಲಚ್ಚನ್ನು ನಿಧಾನ ಬಿಡುತ್ತೇನೆ.